ಒಲ್ಲದ ನೌಕರಿ, ಹೊಸ ವೃತ್ತಿ: ಬಿಡುವ ಮುನ್ನ ತೂಗಿ ನೋಡಬೇಕಾದ ದಾರಿಗಳು

ಬೆಳಗ್ಗೆ ಎದ್ದ ಕೂಡಲೇ ಕಚೇರಿಯ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುವ ಹಂತಕ್ಕೆ ಬಂದವರಿಗೆ ಎರಡೇ ದಾರಿಗಳು ಕಾಣುತ್ತವೆ. ಹಲ್ಲು ಕಚ್ಚಿಕೊಂಡು ಇದ್ದುಬಿಡುವುದು ಒಂದು, ರಾಜೀನಾಮೆ ಬರೆದುಕೊಟ್ಟು ಹೊರಬರುವುದು ಇನ್ನೊಂದು. ದಾವಣಗೆರೆಯಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ ನಾನು, ಕೆಲಸ ಬಿಟ್ಟು ಬಂದು ಅರ್ಜಿ ಕೊಟ್ಟವರನ್ನೂ ಬಿಡುವ ಮೊದಲೇ ಬಂದು ವಿಚಾರಿಸಿದವರನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡಿದ್ದೇನೆ. ಇಬ್ಬರ ಧೈರ್ಯದಲ್ಲಿ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಡುವ ಮೊದಲು ಬಂದವರ ಕೈಯಲ್ಲಿ ಇನ್ನೂ ನಾಲ್ಕಾರು ದಾರಿಗಳು ಉಳಿದಿರುತ್ತಿದ್ದವು. ಬಿಟ್ಟು ಬಂದವರು ಸಿಕ್ಕಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಆ ದಾರಿಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ, ಯಾವುದು ಎಷ್ಟು ಬೇಡುತ್ತದೆ ಎಂಬುದನ್ನು ನಮ್ಮ ಊರಿನ ಮಟ್ಟಿಗೆ ಇಲ್ಲಿ ಹೋಲಿಸಿ ನೋಡುತ್ತೇನೆ.

ಬೇಸರ ಯಾವುದರ ಮೇಲೆ?

ಹೋಲಿಕೆಗೆ ಕೂರುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. "ಈ ಕೆಲಸ ಸಾಕಾಗಿದೆ" ಎನ್ನುವವರಲ್ಲಿ ಕೆಲವರಿಗೆ ಸಾಕಾಗಿರುವುದು ಕೆಲಸವೇ. ಕೆಲವರಿಗೆ ಆ ಜಾಗ ಮತ್ತು ಮೇಲಿನವರ ವರ್ತನೆ. ಇನ್ನು ಕೆಲವರಿಗೆ ಸಂಬಳ ಮತ್ತು ಓಡಾಟ. ಮೂರಕ್ಕೂ ಒಂದೇ ಮದ್ದಿಲ್ಲ. ಹರಿಹರದ ಕಡೆಯ ಹಳ್ಳಿಗಳಲ್ಲಿ ಸಂಘದ ಸಾಲದ ಕಂತು ವಸೂಲಿ ಮಾಡುತ್ತಿದ್ದ ತರುಣನೊಬ್ಬ ಮೊಬೈಲ್ ಅಂಗಡಿ ಇಡಲು ಸಾಲ ಕೇಳಿಕೊಂಡು ಬಂದಿದ್ದ. ಬೆಳಗ್ಗೆ ಏಳು ಗಂಟೆಗೆ ಊರಿನ ಗುಡಿಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳ ಸಭೆ. ಯಾರೋ ಒಬ್ಬಾಕೆ ಕಂತು ತಂದಿಲ್ಲದಿದ್ದರೆ ಉಳಿದವರೆಲ್ಲ ಸೇರಿ ತುಂಬುವವರೆಗೆ ಯಾರನ್ನೂ ಏಳಗೊಡಬಾರದೆಂದು ಶಾಖೆಯಿಂದ ಫೋನು. ಕೂಲಿಗೆ ಹೋಗಬೇಕಾದವರು ಸೆರಗಿನ ತುದಿ ಹಿಂಡುತ್ತಾ ತನ್ನ ಮುಖ ನೋಡುತ್ತಾ ಕುಳಿತಿರುತ್ತಿದ್ದರೆಂದು ಹೇಳುವಾಗ ಅವನು ತಲೆಯೆತ್ತಲಿಲ್ಲ. ಆದರೆ ಲೆಕ್ಕ ಬರೆಯುವುದು, ಹಳ್ಳಿಯ ಜನರ ಜೊತೆ ಮಾತನಾಡುವುದು, ಯಾರಿಗೆ ಎಷ್ಟು ಸಾಲ ತಡೆಯುತ್ತದೆಂದು ಅಂದಾಜು ಮಾಡುವುದು ಇವೆಲ್ಲ ಅವನಿಗೆ ಇಷ್ಟವಾದ ಕೆಲಸಗಳೇ ಆಗಿದ್ದವು. ಅವನಿಗೆ ಒಗ್ಗದೆ ಇದ್ದದ್ದು ಆ ಕಟ್ಟೆಯ ಮೇಲಿನ ಒಂದು ಗಂಟೆ. ಮೊಬೈಲ್ ಅಂಗಡಿಯಲ್ಲಿ ಅವನ ಕೈಯಲ್ಲಿದ್ದ ವಿದ್ಯೆಗೆ ಬೆಲೆಯೇ ಇರುತ್ತಿರಲಿಲ್ಲ. ಕೊನೆಗೆ ಅವನು ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿ ಸೇರಿದ. ಸಂಬಳ ತುಸು ಕಡಿಮೆಯಾಯಿತು, ನಿದ್ದೆ ಬಂತು.

ಹೀಗೆ ವಿಂಗಡಿಸಿಕೊಳ್ಳಲು ನಾನು ಹೇಳುವ ಕ್ರಮ ಸರಳವಾದದ್ದು. ಒಂದು ತಿಂಗಳ ಕಾಲ ರಾತ್ರಿ ಮಲಗುವ ಮೊದಲು ಆ ದಿನದ ಯಾವ ಹೊತ್ತು ಅತಿ ಕೆಟ್ಟದಾಗಿತ್ತು, ಆಗ ಏನು ಮಾಡುತ್ತಿದ್ದಿರಿ, ಎದುರಿಗೆ ಯಾರಿದ್ದರು ಎಂಬುದನ್ನು ಎರಡು ಸಾಲು ಬರೆದಿಡಿ. ತಿಂಗಳ ಕೊನೆಗೆ ಓದಿದಾಗ ಬಹುತೇಕ ಒಂದೇ ವ್ಯಕ್ತಿಯ ಹೆಸರು ಬರುತ್ತಿದ್ದರೆ ನಿಮಗೆ ಬೇಕಾಗಿರುವುದು ಬೇರೆ ಕಚೇರಿ. ಮೇಲಧಿಕಾರಿ ರಜೆಯಲ್ಲಿದ್ದ ವಾರದಲ್ಲೂ, ಸಂಬಳ ಬಂದ ದಿನವೂ ಕೆಲಸ ಕೈಗೆ ಹತ್ತದಿದ್ದರೆ ಬೇಕಾಗಿರುವುದು ಬೇರೆ ವೃತ್ತಿ. ಸಿಟ್ಟು ಬಂದ ದಿನವೇ ತೀರ್ಮಾನಕ್ಕೆ ಬರುವುದಕ್ಕಿಂತ ಆ ಎರಡು ಸಾಲುಗಳನ್ನು ನಂಬುವುದು ಲೇಸು.

ಅದೇ ಕೆಲಸ, ಬೇರೆ ಜಾಗ

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಇದು. ಅನುಭವಕ್ಕೆ ಬೆಲೆ ಸಿಗುತ್ತದೆ, ಭವಿಷ್ಯನಿಧಿ (ಪಿಎಫ್) ಖಾತೆ ಹಾಗೆಯೇ ಮುಂದುವರಿಯುತ್ತದೆ, ಮನೆಯವರನ್ನು ಒಪ್ಪಿಸುವ ಕಷ್ಟವೂ ಇಲ್ಲ. ದಾವಣಗೆರೆಯಂಥ ಊರಿನಲ್ಲಿ ಇದರ ತೊಡಕೆಂದರೆ ಒಂದೊಂದು ಕ್ಷೇತ್ರದಲ್ಲಿ ಧಣಿಗಳು ಕೆಲವರೇ ಇರುತ್ತಾರೆ ಮತ್ತು ಅವರೆಲ್ಲ ಒಬ್ಬರನ್ನೊಬ್ಬರು ಬಲ್ಲವರಾಗಿರುತ್ತಾರೆ. ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಜಗಳವಾಡಿ ಹೊರಬಂದ ಲೆಕ್ಕಿಗನ ಸುದ್ದಿ ಸಂಜೆಯೊಳಗೆ ಇಡೀ ಪೇಟೆಗೆ ತಿಳಿದಿರುತ್ತದೆ. ಆದ್ದರಿಂದ ಇಲ್ಲಿ ಬಿಡುವ ರೀತಿಗೆ ದೊಡ್ಡ ನಗರಕ್ಕಿಂತ ಹೆಚ್ಚಿನ ಬೆಲೆಯಿದೆ.

ಬೇರೆ ಜಾಗವೆಂದರೆ ಬೆಂಗಳೂರೆಂದು ಹೊರಡುವವರು ಸಂಬಳದ ಹೆಚ್ಚಳವನ್ನು ಬಾಡಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಊರಿನಲ್ಲಿ ಸ್ವಂತ ಮನೆಯಿದ್ದು, ಅಲ್ಲಿ ಹದಿನೈದು ಸಾವಿರ ಬಾಡಿಗೆ ಕೊಡಬೇಕಾಗಿ ಬಂದರೆ, ತಿಂಗಳಿಗೆ ಹನ್ನೆರಡು ಸಾವಿರ ಹೆಚ್ಚು ಸಿಕ್ಕರೂ ಅದು ಇಳಿಕೆಯೇ. ಹೊಸ ಕೆಲಸ ಕಲಿಯಲು ಎರಡು ವರ್ಷದ ಮಟ್ಟಿಗೆ ಹೋಗಿಬರುವುದಾದರೆ ಅದು ಬೇರೆ ಮಾತು. ಆಗ ಅದನ್ನು ಶಿಕ್ಷಣದ ಖರ್ಚೆಂದೇ ಬರೆದುಕೊಳ್ಳಬಹುದು.

ಸ್ಪರ್ಧಾತ್ಮಕ ಪರೀಕ್ಷೆ ಮತ್ತು ಹೊಸ ಪದವಿ

ಖಾಸಗಿ ಕೆಲಸ ಬಿಟ್ಟು ಸರ್ಕಾರಿ ನೌಕರಿಗೆ ಓದುತ್ತೇನೆ ಎನ್ನುವವರು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬಹಳ. ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಕೋಣೆ ಮಾಡಿಕೊಂಡು ಓದುವ ಈ ದಾರಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇಲ್ಲದವರು ಇದಕ್ಕಾಗಿ ಕೈಯಲ್ಲಿರುವ ಕೆಲಸ ಬಿಡಬಾರದು. ಓದು ನಮ್ಮ ಕೈಯಲ್ಲಿದೆ, ಅಧಿಸೂಚನೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯನ್ನು, ಕನ್ನಡ ಅನುವಾದದ ದೋಷಗಳ ಕಾರಣಕ್ಕೆ ಡಿಸೆಂಬರ್ 29ರಂದು ಮತ್ತೊಮ್ಮೆ ನಡೆಸಬೇಕಾಯಿತು. ನಾಲ್ಕು ತಿಂಗಳ ಆ ಅಂತರ ಸಂಬಳದಲ್ಲಿದ್ದವನಿಗೆ ಇನ್ನಷ್ಟು ಓದಿನ ಅವಕಾಶವಾದರೆ, ಕೆಲಸ ಬಿಟ್ಟು ಕುಳಿತವನಿಗೆ ನಾಲ್ಕು ತಿಂಗಳ ಕೋಣೆ ಬಾಡಿಗೆ ಮತ್ತು ಮೆಸ್ಸಿನ ಲೆಕ್ಕವಾಯಿತು. ಪೂರ್ವಭಾವಿ ಪರೀಕ್ಷೆ ದಾಟಿದ ಮೇಲೆ ಮುಖ್ಯ ಪರೀಕ್ಷೆಗಾಗಿ ರಜೆ ಕೇಳುವುದು, ಸಿಗದಿದ್ದರೆ ಆಗ ಬಿಡುವುದು ತರ್ಕಕ್ಕೆ ನಿಲ್ಲುತ್ತದೆ. ಎಷ್ಟನೇ ವಯಸ್ಸಿಗೆ ಈ ಪ್ರಯತ್ನ ನಿಲ್ಲಿಸುತ್ತೇನೆ ಎಂಬುದನ್ನೂ ಆರಂಭಿಸುವ ದಿನವೇ ಮನೆಯವರ ಮುಂದೆ ಹೇಳಿಬಿಡುವುದು ಒಳ್ಳೆಯದು.

ಪದವಿ ಓದಿ ವೃತ್ತಿ ಬದಲಿಸುವುದಾದರೆ ಇಲ್ಲಿ ಹೆಚ್ಚಾಗಿ ಕೇಳಿಬರುವುದು ಬಿ.ಎಡ್. ಮತ್ತು ಕಾನೂನು. ಬಿ.ಎಡ್. ಈಗ 2 ವರ್ಷದ್ದು, ಹಾಜರಾತಿ ಕಡ್ಡಾಯ. ನೌಕರಿಯ ಜೊತೆಗೆ ಆಗುವಂಥದ್ದಲ್ಲ. ಮುಗಿಸಿದ ಮೇಲೆ ಸರ್ಕಾರಿ ಶಾಲೆಗೆ ಅರ್ಹತಾ ಪರೀಕ್ಷೆ, ನೇಮಕಾತಿ ಪರೀಕ್ಷೆ ಎರಡೂ ಇವೆ. ಅವುಗಳ ನಡುವಿನ ಕಾಲವನ್ನು ಖಾಸಗಿ ಶಾಲೆಯ ಸಂಬಳದಲ್ಲಿ ಕಳೆಯಬೇಕು, ಆ ಸಂಬಳ ಎಷ್ಟೆಂಬುದು ಈ ಊರಿನ ಶಿಕ್ಷಕಿಯರನ್ನು ಕೇಳಿದರೆ ತಿಳಿಯುತ್ತದೆ. ಪದವೀಧರರಿಗೆ ಎಲ್‌ಎಲ್.ಬಿ. 3 ವರ್ಷ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಕಾನೂನು ಕಾಲೇಜುಗಳಿರುವುದರಿಂದ ಮನೆ ಬಿಡಬೇಕಾಗಿಲ್ಲ. ಆದರೆ ವಕೀಲರಾಗಿ ವೃತ್ತಿ ನಡೆಸುವಾಗ ಪೂರ್ಣಾವಧಿಯ ಸಂಬಳದ ನೌಕರಿ ಇಟ್ಟುಕೊಳ್ಳುವಂತಿಲ್ಲ ಎಂಬ ಬಾರ್ ಕೌನ್ಸಿಲ್ ನಿಯಮವನ್ನು ಅನೇಕರು ಓದು ಮುಗಿದ ಮೇಲೆ ತಿಳಿದುಕೊಳ್ಳುತ್ತಾರೆ. ಹಿರಿಯ ವಕೀಲರ ಕಚೇರಿಯಲ್ಲಿ ಕಲಿಯುವ ಮೊದಲ ವರ್ಷಗಳ ಸಣ್ಣ ಆದಾಯವನ್ನೂ ಸೇರಿಸಿದರೆ ಇದು 3 ವರ್ಷದ ದಾರಿಯಾಗಿ ಉಳಿಯುವುದಿಲ್ಲ, 6 ವರ್ಷದ್ದಾಗುತ್ತದೆ. ಆರು ವರ್ಷ ತಡೆಯಬಲ್ಲ ಮನೆಯಿದ್ದರೆ ನಾನು ಇದನ್ನು ಪರೀಕ್ಷೆಯ ದಾರಿಗಿಂತ ಮೇಲೆಂದು ಹೇಳುತ್ತೇನೆ, ಏಕೆಂದರೆ ಇಲ್ಲಿ ಕಲಿತದ್ದು ಯಾವ ಅಧಿಸೂಚನೆಗೂ ಕಾಯದೆ ಉಪಯೋಗಕ್ಕೆ ಬರುತ್ತದೆ.

ಸ್ವಂತ ವ್ಯಾಪಾರ

"ಸಾರ್, ಕೆಲಸ ಬಿಟ್ಟೀನ್ರಿ. ಒಂದು ಬೆಣ್ಣೆ ದೋಸೆ ಹೋಟ್ಲು ಇಡಬೇಕು ಅಂತ" ಎಂಬ ಮಾತನ್ನು ನಾನು ಕೇಳಿದಷ್ಟು ಇನ್ಯಾವ ಊರಿನ ಬ್ಯಾಂಕಿನವರೂ ಕೇಳಿರಲಾರರು. ಈ ಊರಿನ ಹೆಸರು ಹೇಳಿದರೆ ದೋಸೆಯ ನೆನಪಾಗುವುದರಿಂದ ವ್ಯಾಪಾರ ತಾನೇ ನಡೆಯುತ್ತದೆಂಬ ನಂಬಿಕೆ ಸಹಜ. ಆದರೆ ಕನಸಿನಲ್ಲಿ ಕಾಣುವುದು ಗಲ್ಲಾದ ಮುಂದಿನ ಕುರ್ಚಿ, ದಿನನಿತ್ಯದ ಕೆಲಸವಿರುವುದು ಕಾವಲಿಯ ಮುಂದೆ. ಹಿಟ್ಟು ಹಿಂದಿನ ದಿನವೇ ರುಬ್ಬಿರಬೇಕು. ಬೆಳಕು ಹರಿಯುವ ಮೊದಲು ಸೌದೆಯ ಒಲೆ ಹೊತ್ತಿರಬೇಕು. ಆಲೂಗಡ್ಡೆ ಪಲ್ಯ, ಚಟ್ನಿ ಸಿದ್ಧವಿರಬೇಕು. ಬೆಣ್ಣೆಯ ದರ ಏರಿತೆಂದು ದೋಸೆಯ ದರವನ್ನು ಮರುದಿನವೇ ಏರಿಸಲಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಭಟ್ಟರು ಹೇಳದೆ ಕೇಳದೆ ಬಾರದಿದ್ದ ದಿನ ಮಾಲೀಕನೇ ಹೊಗೆಯಲ್ಲಿ ನಿಂತು ದೋಸೆ ಹುಯ್ಯಬೇಕು. ಅದು ಬಾರದವನ ಹೋಟೆಲು ಭಟ್ಟರ ಮರ್ಜಿಯಲ್ಲಿ ನಡೆಯುತ್ತದೆ, ಮತ್ತು ಒಬ್ಬ ಮೇಲಧಿಕಾರಿಯನ್ನು ಸಹಿಸಲಾರದೆ ಬಂದವನು ಇನ್ನೊಬ್ಬರ ಕೈಕೆಳಗೆ ಸೇರಿದಂತಾಗುತ್ತದೆ.

ಈ ಕಾರಣಕ್ಕೆ, ನೌಕರಿಯಲ್ಲಿರುವಾಗಲೇ ಭಾನುವಾರಗಳಂದು ಯಾರದಾದರೂ ಹೋಟೆಲಿನಲ್ಲಿ, ಅಂಗಡಿಯಲ್ಲಿ, ವರ್ಕ್‌ಶಾಪಿನಲ್ಲಿ ಸಂಬಳವಿಲ್ಲದೆ ದುಡಿದು ನೋಡುವುದನ್ನು ನಾನು ಎಲ್ಲ ಯೋಜನಾ ವರದಿಗಳಿಗಿಂತ ಮೇಲೆಂದು ಎಣಿಸುತ್ತೇನೆ. ಆ ದಿನಗಳ ದಣಿವಿನ ನಂತರವೂ ಆಸೆ ಉಳಿದರೆ ಅದು ನಿಜವಾದ ಆಸೆ. ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆ ಊಟ ವಸತಿಯೊಂದಿಗೆ ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುತ್ತದೆ. ರಜೆ ಹಾಕಿ ಹೋಗಿಬರುವುದಕ್ಕೆ ಅಡ್ಡಿಯಿಲ್ಲ. ಸರ್ಕಾರಿ ನೌಕರರು ಮಾತ್ರ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ಖಾಸಗಿ ವ್ಯಾಪಾರ ನಡೆಸುವಂತಿಲ್ಲ ಎಂಬುದನ್ನು ನೆನಪಿಡಬೇಕು. ಖಾಸಗಿ ಕಂಪನಿಯವರೂ ತಮ್ಮ ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ಬಂಡವಾಳದ ವಿಷಯದಲ್ಲಿ ತಪ್ಪು ಕಲ್ಪನೆಗಳು ಬಹಳ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ ಸಾಲ ಸಿಗುತ್ತದೆ, ಸಹಾಯಧನ ಇಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಹಾಯಧನವಿದೆ: ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ಕ್ರಮವಾಗಿ ಶೇ. 25 ಮತ್ತು 35. ಸ್ವಂತ ವಂತಿಗೆ ಸಾಮಾನ್ಯ ವರ್ಗಕ್ಕೆ ಶೇ. 10, ಉಳಿದವರಿಗೆ ಶೇ. 5. ಅಂದರೆ 10 ಲಕ್ಷದ ಘಟಕವನ್ನು ಸಾಮಾನ್ಯ ವರ್ಗದ ಒಬ್ಬರು ದಾವಣಗೆರೆ ನಗರದೊಳಗೆ ತೆರೆದರೆ ಒಂದೂವರೆ ಲಕ್ಷ, ಹಳ್ಳಿಯ ವ್ಯಾಪ್ತಿಯಲ್ಲಿ ತೆರೆದರೆ ಎರಡೂವರೆ ಲಕ್ಷ ಸಹಾಯಧನ. ಆದರೆ ಈ ಹಣ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಇರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ, ಘಟಕ ನಡೆಯುತ್ತಿದೆಯೆಂದು ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಹಾಯಧನವನ್ನು ಮೊದಲ ವರ್ಷದ ಮನೆಖರ್ಚಿಗೆಂದು ಲೆಕ್ಕ ಹಾಕಿಕೊಂಡವರು ಆರನೇ ತಿಂಗಳಿಗೇ ಕೈಸಾಲಕ್ಕೆ ಇಳಿಯುತ್ತಾರೆ. ಈಗಾಗಲೇ ಆರಂಭವಾಗಿರುವ ಅಂಗಡಿಗೆ ಈ ಯೋಜನೆ ಅನ್ವಯಿಸುವುದೂ ಇಲ್ಲ. ಹಾಗಾಗಿ ಮೊದಲು ತೆರೆದು ಆಮೇಲೆ ಅರ್ಜಿ ಹಾಕುವ ಕ್ರಮ ಸಲ್ಲದು.

ಪರವಾನಗಿಗಳ ಬಗ್ಗೆ ಜನ ಹೆದರುವಷ್ಟು ಹೆದರಬೇಕಾಗಿಲ್ಲ. ವಾರ್ಷಿಕ ವಹಿವಾಟು 12 ಲಕ್ಷದೊಳಗಿನ ಆಹಾರ ವ್ಯಾಪಾರಕ್ಕೆ ಆಹಾರ ಸುರಕ್ಷತೆಯ ಮೂಲ ನೋಂದಣಿ ವರ್ಷಕ್ಕೆ 100 ರೂಪಾಯಿಗೆ ಆಗುತ್ತದೆ, ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ಸೇವೆಗಳಲ್ಲಿ 20 ಲಕ್ಷದ ವಹಿವಾಟು ದಾಟಿದ ಮೇಲೆ ಜಿಎಸ್‌ಟಿ ನೋಂದಣಿ. ಹೆದರಬೇಕಾದದ್ದು ಮಳಿಗೆಯ ಅಡ್ವಾನ್ಸಿಗೆ. ಜನ ಓಡಾಡುವ ರಸ್ತೆಯ ಮಳಿಗೆಗೆ ಬಂಡವಾಳದ ದೊಡ್ಡ ಪಾಲನ್ನು ಸುರಿದವರ ಕೈಯಲ್ಲಿ ಸರಕಿಗೆ ಹಣ ಉಳಿಯುವುದಿಲ್ಲ.

ಹೊಲಕ್ಕೆ ಮರಳುವುದು

ಇದರ ಬಗ್ಗೆ ಚಿಕ್ಕದಾಗಿ ಹೇಳಬಹುದು. ಚನ್ನಗಿರಿಯ ಕಡೆ ಅಡಿಕೆ ಹಾಕಿದರೆ ಫಸಲು ಕಣ್ಣಿಗೆ ಕಾಣಲು ಐದಾರು ವರ್ಷ ಬೇಕು. ಭದ್ರಾ ನಾಲೆಯ ಕೊನೆಯ ಭಾಗದವರಿಗೆ ಬೇಸಿಗೆ ಬೆಳೆಯ ನೀರು ಪ್ರತಿ ವರ್ಷವೂ ಪ್ರಶ್ನೆಯೇ. ಚಳ್ಳಕೆರೆಯ ಶೇಂಗಾ ಮಳೆಯನ್ನು ನಂಬಿದ್ದು, ಕೊಳವೆಬಾವಿ ತೋಡಿಸುವುದು ಅದೃಷ್ಟ ಪರೀಕ್ಷೆ. ತಂದೆಯೋ ಅಣ್ಣನೋ ಈಗಲೂ ಉಳುತ್ತಿರುವ, ನೀರಿರುವ ಜಮೀನಿಗೆ ಇನ್ನೊಂದು ಜೊತೆ ಕೈಯಾಗಿ ಹೋಗುವುದಾದರೆ ಸರಿ. ಗುತ್ತಿಗೆಗೆ ಕೊಟ್ಟು ವರ್ಷಗಳಾದ ಹೊಲಕ್ಕೆ ನೌಕರಿ ಬಿಟ್ಟು ಹೋಗುವವರಿಗೆ ನಾನು ಒಂದು ಮುಂಗಾರು, ಒಂದು ಹಿಂಗಾರು ಕಾಯಲು ಹೇಳುತ್ತೇನೆ.

ಬಿಡುವ ದಿನ ಏನೇನು ನಿಲ್ಲುತ್ತದೆ

ಯಾವ ದಾರಿ ಹಿಡಿದರೂ ಮೊದಲ ಲೆಕ್ಕ ಮನೆಯದು. ವಿದ್ಯಾನಗರದ ಕಡೆ ಬಾಡಿಗೆಗೆ ಇರುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ: ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗು, ವಯಸ್ಸಾದ ತಾಯಿ. ಬಾಡಿಗೆ 9,000, ದಿನಸಿ ತರಕಾರಿ ಹಾಲು 9,000, ಶಾಲೆಯ ಶುಲ್ಕವನ್ನು ತಿಂಗಳಿಗೆ ಹಂಚಿದರೆ 4,000, ತಾಯಿಯ ಔಷಧಿ 2,000, ಪೆಟ್ರೋಲು ಗ್ಯಾಸು ಮೊಬೈಲು 4,000, ಬೈಕಿನ ಸಾಲದ ಕಂತು 3,000, ಒಟ್ಟು 31,000. ಹಬ್ಬ, ಮದುವೆಯ ಮುಯ್ಯಿ, ವಿಮೆಯ ಕಂತುಗಳನ್ನು ಜನ ಈ ಪಟ್ಟಿಯಲ್ಲಿ ಬರೆಯುವುದೇ ಇಲ್ಲ. ಅವಕ್ಕೆ 3,000 ಸೇರಿಸಿದರೆ 34,000. ಹೆಂಡತಿಯ ದುಡಿಮೆ 14,000 ಇದ್ದರೆ ತಿಂಗಳಿಗೆ 20,000 ಕೊರತೆ, ವರ್ಷಕ್ಕೆ 2,40,000. ಹೊಸ ವ್ಯಾಪಾರದ ಬಂಡವಾಳವನ್ನು ಮುಟ್ಟದೆ ಇಷ್ಟು ಹಣ ಬೇರೆಯಾಗಿ ಇರಬೇಕು. ಇದನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯಬೇಕು, ಏಕೆಂದರೆ ಖರ್ಚಿನ ಅರ್ಧ ವಿಷಯ ಒಬ್ಬರಿಗೆ ಗೊತ್ತೇ ಇರುವುದಿಲ್ಲ.

ಬಿಡುವ ದಿನಾಂಕವನ್ನು ಆರಿಸಿಕೊಳ್ಳುವುದರಲ್ಲೂ ಹಣವಿದೆ. ಕಾಯಂ ನೌಕರರಿಗೆ ಉಪದಾನ (ಗ್ರಾಚ್ಯುಟಿ) ಸಿಗಲು 5 ವರ್ಷದ ನಿರಂತರ ಸೇವೆ ಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,000 ಇರುವವರು 6 ವರ್ಷ ಮುಗಿಸಿದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 6ರಿಂದ ಗುಣಿಸಿದಾಗ ಸುಮಾರು 69,000 ರೂಪಾಯಿ ಬರುತ್ತದೆ. ನಾಲ್ಕು ವರ್ಷ ಮುಗಿಸಿ ಇನ್ನು ಕೆಲವು ತಿಂಗಳು ತಡೆಯಲಾರದೆ ಬಿಟ್ಟವರು ಇದನ್ನು ಕಳೆದುಕೊಳ್ಳುತ್ತಾರೆ. ಭವಿಷ್ಯನಿಧಿಯನ್ನು 5 ವರ್ಷದ ಸೇವೆಗೆ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಯ ಹಕ್ಕಿಗೆ 10 ವರ್ಷದ ಸೇವೆ ಬೇಕು. ಹೊಸ ನೌಕರಿ ಸಿಕ್ಕವರು ಹಳೆಯ ಖಾತೆಯನ್ನು ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ.

ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವಕ್ಕೆ 3 ವರ್ಷದವರೆಗೂ ಕಾಯಬೇಕಾಗಬಹುದು. ಆದ್ದರಿಂದ ರಾಜೀನಾಮೆಗೆ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಬಗ್ಗೆ ಕೇಳಬೇಕು. ಸಾಲದ ವಿಷಯವೂ ಹೀಗೆಯೇ. ಸಂಬಳದಾರನಿಗೆ ಕೆಲವು ತಿಂಗಳ ಸಂಬಳ ಚೀಟಿ ಸಾಕು, ವ್ಯಾಪಾರಕ್ಕಿಳಿದವನಿಂದ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಲಾಗುತ್ತದೆ. ಹಾಗೆಂದು ಬಿಡುವ ಮುನ್ನಾದಿನ ಸಂಬಳದ ಮೇಲೆ ವೈಯಕ್ತಿಕ ಸಾಲ ಎತ್ತಿ ಅದನ್ನೇ ಬಂಡವಾಳ ಮಾಡಿಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಡ್ಡಿ ಹೆಚ್ಚು, ಕಂತು ಮುಂದಿನ ತಿಂಗಳಿಂದಲೇ ಶುರು, ವ್ಯಾಪಾರದ ಲಾಭ ಅಷ್ಟು ಬೇಗ ಬರುವುದಿಲ್ಲ.

ಇವೆಲ್ಲವನ್ನೂ ಹೋಲಿಸಿದಾಗ ನಮ್ಮ ಊರಿನ ಹೆಚ್ಚಿನವರಿಗೆ ನಾನು ಸೂಚಿಸುವುದು ಒಂದೇ ಕ್ರಮ. ಬಿಡುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅಲ್ಲಿಯವರೆಗೆ ಈ ನೌಕರಿಯ ಸಂಬಳದಲ್ಲೇ ಮುಂದಿನ ವೃತ್ತಿಯನ್ನು ಕಲಿತು, ಆ ತಿಂಗಳು ಬಂದಾಗ ಹೊರಡುವುದು. ಗುರುತು ಹಾಕಿದ ದಿನವಿದ್ದರೆ ಅದೇ ಕುರ್ಚಿಯಲ್ಲಿ ಕೂರುವುದು ಅಷ್ಟು ಭಾರವಾಗುವುದಿಲ್ಲ. ದಿನಾಂಕವಿಲ್ಲದ ತಯಾರಿ ನಿವೃತ್ತಿಯವರೆಗೂ ಎಳೆಯುತ್ತದೆ.

ಕಾಯಬಾರದ ಸಂದರ್ಭಗಳು

ಕೆಲವರು ಮಾತ್ರ ಈ ಯಾವ ಹೋಲಿಕೆಗೂ ಕೂರದೆ ಹೊರಬರಬೇಕು. ಸುಳ್ಳು ಲೆಕ್ಕಕ್ಕೆ ಸಹಿ ಹಾಕುವಂತೆ ಒತ್ತಾಯ ಬಂದವರು ಅವರಲ್ಲಿ ಮೊದಲಿಗರು, ಏಕೆಂದರೆ ನಾಳೆ ಪೊಲೀಸರು ಕೇಳುವುದು ಸಹಿ ಹಾಕಿದವರನ್ನೇ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಅನುಭವಿಸುತ್ತಿರುವ ಹೆಣ್ಣುಮಕ್ಕಳಿಗೆ ರಾಜೀನಾಮೆಯೊಂದೇ ದಾರಿಯಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಸಣ್ಣ ಅಂಗಡಿಗಳವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ವಿಚಾರಣೆಯ ಅವಧಿಗೆ 3 ತಿಂಗಳವರೆಗೆ ರಜೆಯನ್ನೂ ಕೇಳಬಹುದು. ನಿದ್ದೆ, ಊಟ ಎರಡೂ ಕೆಟ್ಟು, ಬದುಕೇ ಬೇಡವೆನಿಸುವ ಯೋಚನೆ ಬರುತ್ತಿರುವವರು ಸಂಬಳದ ಲೆಕ್ಕವನ್ನು ಬದಿಗಿಡಬೇಕು; ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ವೈದ್ಯರ ಚೀಟಿಯಿದ್ದರೆ ಮೊದಲು ವೈದ್ಯಕೀಯ ರಜೆ ಹಾಕಿ, ತಲೆ ತಿಳಿಯಾದ ಮೇಲೆ ರಾಜೀನಾಮೆಯ ಮಾತು.

ಹೀಗೆ ಅವಸರದಲ್ಲಿ ಹೊರಡುವವರೂ ರಾಜೀನಾಮೆಯನ್ನು ಬಾಯಿಮಾತಿನಲ್ಲಿ ಹೇಳಿ ಬರಬಾರದು. ಪತ್ರದ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಪಡೆಯಬೇಕು, ಕೊಡದಿದ್ದರೆ ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ನೋಟಿಸ್ ಅವಧಿಗೆ ಬದಲಾಗಿ ಎಷ್ಟು ಹಣ ಕಡಿತವಾಗುತ್ತದೆಂದು ನೇಮಕಾತಿ ಪತ್ರದಲ್ಲಿ ನೋಡಿಕೊಳ್ಳಬೇಕು. ಸಂಬಳ ಚೀಟಿಗಳು, ಭವಿಷ್ಯನಿಧಿಯ ಯುಎಎನ್ ಸಂಖ್ಯೆ, ಅನುಭವ ಪತ್ರ ಮತ್ತು ಬಿಡುಗಡೆ ಪತ್ರವನ್ನು ಕೇಳಿ ಪಡೆಯಬೇಕು. ಬಾಕಿ ಸಂಬಳ ತಡೆಹಿಡಿದರೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ದೂರು ಕೊಡಲು ಮೊದಲು ಬೇಕಾಗುವುದು ಇವೇ ಕಾಗದಗಳು.